ಸುನಂದೆಯ ಪ್ಲೇಟು ತಿರುಗಿದ ಆ ಆಟಿ

ಹೋದ ವಾರ ಬಿ.ಸಿ. ರೋಡಿನಲ್ಲಿ ನನ್ನ ಕ್ಯಾಮೆರಾ ಚೀಲದ ಪಟ್ಟಿ ಕಿತ್ತುಬಂತು. ಮಧ್ಯಾಹ್ನಕ್ಕೆ ಒಂದು ಮದುವೆ ಇತ್ತು. ಚೀಲವನ್ನು ಕಂಕುಳಲ್ಲಿ ಅವಚಿಕೊಂಡು ಮದುಮಗಳ ಫೋಟೋ ತೆಗೆಯಲಾಗುತ್ತದೆಯೇ? ಎದುರಿಗೆ ಕಂಡ ದರ್ಜಿ ಅಂಗಡಿಗೆ ನುಗ್ಗಿದೆ. ದರ್ಜಿ ಹೊಲಿಗೆ ಹಾಕುವ ಮೊದಲು ಮೆಷಿನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮದುವೆಯೂ ಮರೆತುಹೋಯಿತು, ಪಟ್ಟಿಯೂ ಮರೆತುಹೋಯಿತು. ಬಂಟ್ವಾಳ ಪೇಟೆಯ ಒಂದು ಮಾಳಿಗೆ, ಅಲ್ಲಿ ತಿರುಗುವ ಒಂದು ಕಪ್ಪು ಪ್ಲೇಟು, ಅದರ ಸುತ್ತ ಉಸಿರು ಬಿಗಿಹಿಡಿದು ಕೂತ ಏಳೆಂಟು ಜನ, ಎಲ್ಲ ಕಣ್ಣೆದುರು ಬಂದು ನಿಂತಿತು. ನಾನು ಒಬ್ಬನೇ ನಗುತ್ತಿದ್ದೆನಂತೆ.

"ಎಂತ ಸಾರ್, ಉಷಾರಿಲ್ವಾ?" ಎಂದು ದರ್ಜಿ ಕೇಳಿದ.

"ಉಷಾರು ಜಾಸ್ತಿ ಆದದ್ದು ಮಾರಾಯ," ಎಂದೆ.

ಅದು ಮೂರು ವರ್ಷದ ಹಿಂದಿನ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಒಂದು ತಿಂಗಳು ನಮ್ಮ ತುಳುವರಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಗಾಗಿ ನನ್ನಂಥ ಮದುವೆ ಫೋಟೋಗ್ರಾಫರನಿಗೆ ಕೆಲಸವೂ ಇಲ್ಲ. ಪ್ರತಿ ವರ್ಷ ಆಟಿ ಬಂತೆಂದರೆ ನಾನು ಲೆನ್ಸು ಒರೆಸುತ್ತ, ನೊಣ ಹೊಡೆಯುತ್ತ ಸ್ಟುಡಿಯೋದಲ್ಲಿ ಕೂರುವವನು. ಆ ವರ್ಷ ಹಾಗೆ ಕೂರಲಿಲ್ಲ. ಕಾರಣ, ಅದಕ್ಕೆ ಸ್ವಲ್ಪ ಮೊದಲು ನಾನು ಮೂಡುಬಿದಿರೆಯಲ್ಲಿ ಮಾಡಿಕೊಂಡ ಒಂದು ಅವಾಂತರ.

ಅಲ್ಲೊಂದು ಸಣ್ಣ ಸಭಾಂಗಣದಲ್ಲಿ ಸಂಜೆಯ ಸಂಗೀತ ಕಛೇರಿ. ಫೋಟೋ ತೆಗೆಯಲು ನನ್ನನ್ನು ಕರೆದಿದ್ದರು. ಕಛೇರಿಗೆ ಅದುವರೆಗೆ ನಾನು ಹೋದವನೇ ಅಲ್ಲ. ವೇದಿಕೆಯ ಮೇಲೆ ಕೂತವರೆಲ್ಲ ನನ್ನ ಪಾಲಿಗೆ ಮದುಮಕ್ಕಳೇ. ಗಾಯಕರು ಕಣ್ಣು ಮುಚ್ಚಿ ರಾಗ ಎಳೆಯುತ್ತಿದ್ದರು. ನಾನು ವೇದಿಕೆಯ ಅಂಚಿಗೆ ಹೋಗಿ ಫಳಫಳ ಎಂದು ಮೂರು ಫ್ಲ್ಯಾಶ್ ಹೊಡೆದೆ. ಮೂರರಲ್ಲೂ ಕಣ್ಣು ಮುಚ್ಚಿದ್ದವು. ಬಾಯಿಗೆ ಬಂದ ಅಭ್ಯಾಸದ ಮಾತು ಹೊರಟೇ ಹೋಯಿತು: "ಸರ್, ಒಮ್ಮೆ ಕಣ್ಣು ಬಿಟ್ಟು ಈಚೆ ನೋಡಿ. ಸ್ವಲ್ಪ ನಗು ಇರ್ಲಿ."

ಅವರು ಕಣ್ಣು ಬಿಟ್ಟರು. ನಗಲಿಲ್ಲ. ರಾಗ ನಿಂತಿತು. ಸಭೆ ನನ್ನನ್ನೇ ನೋಡಿತು. ಮೃದಂಗದವರು ಮಾತ್ರ ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿಕೊಂಡರು. ಮುಂದಿನ ಸಾಲಿನಿಂದ ಯಾರೋ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದರು. ನೋಡಿದರೆ ವಸಂತಿ ಟೀಚರ್! ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಈಗ ನಿವೃತ್ತರು.

ಕಛೇರಿ ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುವಲ್ಲಿ ನನಗೆ ಪಾಠವಾಯಿತು.

"ದಿನೇಶಾ, ಅವರು ಆಲಾಪನೆ ಮಾಡುವಾಗ ಅಲ್ಲಿಗೆ ಹೋಗಿ ನಿಲ್ಲುದಾ?"

"ಟೀಚರ್, ಕಣ್ಣು ಮುಚ್ಚಿದ ಫೋಟೋ ಯಾರು ತೆಗೊಳ್ತಾರೆ ಹೇಳಿ?"

"ಮದುವೆಯಲ್ಲಿ ಯಾರೂ ತೆಗೊಳ್ಳುದಿಲ್ಲ. ಇಲ್ಲಿ ಅವರು ಕಣ್ಣು ಮುಚ್ಚಿ ಹಾಡ್ತಾರೆ ಅಂತಲೇ ನಾವು ಬಂದದ್ದು." ಸಿಟ್ಟು ಇಳಿದಂತೆ ಕಂಡಿತು. "ಆಟಿಯಲ್ಲಿ ಹೇಗೂ ನಿನಗೆ ಕೆಲಸ ಇಲ್ಲ. ಭಾನುವಾರ ಮಧ್ಯಾಹ್ನ ಬಂಟ್ವಾಳ ಪೇಟೆಗೆ ಬಾ, ಪುಂಡಲೀಕ ಮಾಮನಲ್ಲಿಗೆ. ಮೊದಲು ಕೇಳ್ಲಿಕ್ಕೆ ಕಲಿ. ಫೋಟೋ ಆಮೇಲೆ ತೆಗೆಯುವ."

ನಲವತ್ತಮೂರರ ವಯಸ್ಸಿನಲ್ಲಿ ನಾನು ಹೀಗೆ ಮತ್ತೆ ಶಾಲೆಗೆ ಸೇರಿದೆ.

ಪುಂಡಲೀಕ ಮಾಮ ಎಂದರೆ ಪೇಟೆಯ ಹಳೇ ಜವಳಿ ಅಂಗಡಿಯ ಯಜಮಾನರು. ಎಪ್ಪತ್ತು ದಾಟಿದ ಬ್ರಹ್ಮಚಾರಿ. ವ್ಯಾಪಾರ ಎಂದೋ ನಿಲ್ಲಿಸಿ, ಸೀರೆ ಪಂಚೆ ಇಡುತ್ತಿದ್ದ ಕಪಾಟುಗಳಲ್ಲಿ ಈಗ ರೆಕಾರ್ಡ್‌ಗಳನ್ನು ಜೋಡಿಸಿದ್ದರು. ನಾಗಸ್ವರ, ಸ್ಯಾಕ್ಸೊಫೋನ್, ಯಕ್ಷಗಾನದ ಭಾಗವತಿಕೆ, ಹಾಡುಗಾರಿಕೆ, ಏನು ಕೇಳಿದರೂ ಗಜಕೋಲಿನ ತುದಿಯಿಂದ ತೋರಿಸುವರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಏಳೆಂಟು ಜನ ಸೇರುತ್ತಿದ್ದರು. ಅಲ್ಲಿನ ಕಟ್ಟಳೆಗಳೋ, ದೇವಸ್ಥಾನದ ಗರ್ಭಗುಡಿಗೂ ಅಷ್ಟಿರಲಿಕ್ಕಿಲ್ಲ! ಗೋಳಿಬಜೆ ತಿಂದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ರೆಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮುಳ್ಳು ಕೂತ ಮೇಲೆ ಎತ್ತುವವರೆಗೆ ತುಟಿ ಪಿಟ್ಟೆನ್ನಬಾರದು. ಎಷ್ಟೇ ಚಂದ ಇದ್ದರೂ ಒಂದು ಹಾಡು ದಿನಕ್ಕೆ ಒಂದೇ ಸಲ. "ಪ್ರತಿ ಸಲ ಮುಳ್ಳು ಸ್ವಲ್ಪ ಸ್ವರ ಕೆರೆದುಕೊಂಡು ಹೋಗ್ತದೆ," ಎನ್ನುತ್ತಿದ್ದರು ಮಾಮ. "ನಮ್ಮ ಆಸೆಗೆ ಅದನ್ನು ಸವೆಸ್ಲಿಕ್ಕೆ ಆಗುದಿಲ್ಲ."

ನನಗೆ ಬೇರೆ ಕಟ್ಟಳೆ. ಫ್ಲ್ಯಾಶನ್ನು ಅಂಗಡಿಯ ಗಲ್ಲಾಪೆಟ್ಟಿಗೆಯೊಳಗೆ ಇಡಿಸಿ ಬೀಗ ಹಾಕುತ್ತಿದ್ದರು. ಕ್ಯಾಮೆರಾ ಕೈಯಲ್ಲಿರಬಹುದು, ಆದರೆ ಹಾಡು ನಡೆಯುವಾಗ ಗುಂಡಿ ಒತ್ತಬಾರದು. ಯಾರ ಎದುರೂ ಹಾಯಬಾರದು. ಮೊದಲ ಭಾನುವಾರ ನನಗೆ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ. ಎರಡನೆಯ ಭಾನುವಾರ ಒಂದು ನಾಗಸ್ವರಕ್ಕೆ ಮೈ ಜುಮ್ಮೆಂದಿತು. ಮೂರನೆಯದಕ್ಕೆ ನಾನೇ ಬೆಳ್ತಂಗಡಿಯ ಗುಜರಿ ಅಂಗಡಿಯಲ್ಲಿ ಹಳೇ ಪೇಪರಿನ ಕಟ್ಟಿನಡಿಯಿಂದ ಒಂದು ವೀಣೆಯ ರೆಕಾರ್ಡು ಎಳೆದು ತಂದು ಮಾಮನ ಕೈಗಿಟ್ಟೆ. ಹುಚ್ಚು ಹತ್ತಿಯಾಗಿತ್ತು.

ಪ್ರತಿ ಭಾನುವಾರದ ಕೊನೆಯ ಹಾಡು ಮಾತ್ರ ಬದಲಾಗುತ್ತಿರಲಿಲ್ಲ. ಮೂಲೆಯಲ್ಲಿ ಕೀ ಕೊಟ್ಟು ತಿರುಗಿಸುವ ಒಂದು ಹಳೇ ಗ್ರಾಮಫೋನ್ ಇತ್ತು. ಅದರಲ್ಲಿ ಹಾಕುವ ಹಳೇ ಅರಗಿನ ಪ್ಲೇಟುಗಳೆಲ್ಲ ಹಿಂದೊಂದು ನೆರೆಯಲ್ಲಿ ಒಡೆದುಹೋಗಿ ಉಳಿದದ್ದು ಒಂದೇ. ಅದರ ಲೇಬಲನ್ನು ಹುಳ ತಿಂದು 'ಕು. ಸುನಂದಾ' ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ದೋಣಿಯವನನ್ನು ದಡದಿಂದ ಕರೆಯುವ ಒಂದು ಭಕ್ತಿಗೀತೆ. ಆ ಸ್ವರ ಹೇಗಿತ್ತೆಂದು ಹೇಗೆ ಹೇಳಲಿ! ದಪ್ಪ, ಸ್ವಲ್ಪ ಮಬ್ಬು, ಅವಸರವೇ ಇಲ್ಲದ ಸ್ವರ. ದೋಣಿಯವನು ಬಂದರೂ ಸರಿ, ಬಾರದಿದ್ದರೂ ಕಾಯುತ್ತೇನೆ ಎಂಬಂತೆ ಕರೆಯುತ್ತಿತ್ತು.

"ಮೂವತ್ತು ದಾಟಿದ ಹೆಂಗಸು," ಎನ್ನುತ್ತಿದ್ದರು ಮಾಮ. "ಬದುಕು ಕಂಡವಳು. ನಲವತ್ತು ವರ್ಷದಿಂದ ಕೇಳ್ತಾ ಇದ್ದೇನೆ, ವಿಚಾರಿಸದ ಜನ ಇಲ್ಲ. ಯಾರಿಗೂ ಗೊತ್ತಿಲ್ಲ. ಈಗ ಹೋಗಿಯೂ ಆಯ್ತೋ ಏನೋ."

ಮಾಮ ಮದುವೆಯಾಗದ್ದಕ್ಕೆ ಸುನಂದೆಯೇ ಕಾರಣ ಎಂದು ಟೀಚರ್ ಚೇಷ್ಟೆ ಮಾಡುತ್ತಿದ್ದರು. ಮಾಮ ಅದನ್ನು ಅಲ್ಲಗಳೆದದ್ದನ್ನು ನಾನು ನೋಡಿಲ್ಲ.

ನಾಲ್ಕನೆಯ ಭಾನುವಾರ ಬೆಳಿಗ್ಗೆಯೇ ಟೀಚರ್ ಫೋನ್ ಮಾಡಿದರು. ನೇತ್ರಾವತಿ ಏರುತ್ತಿದ್ದಾಳೆ, ಪೇಟೆಗೆ ನೀರು ನುಗ್ಗುತ್ತಿದೆ, ಕೂಡಲೇ ಬಾ. ನಾನು ಹೋಗುವಾಗ ಅಂಗಡಿಯ ಮೆಟ್ಟಿಲಿಗೆ ನೀರು ತಾಗಿತ್ತು. ಕೇಳುವ ಗುಂಪೆಲ್ಲ ಬಂದು ಮಾಳಿಗೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ರೆಕಾರ್ಡುಗಳು ಕೈಯಿಂದ ಕೈಗೆ ಮಾಳಿಗೆ ಹತ್ತಿದವು. ಅಂಥ ಗಡಿಬಿಡಿಯಲ್ಲೂ ಮಾಮ ಕೂಗುತ್ತಿದ್ದರು: "ಅಂಚಿನಲ್ಲಿ ಹಿಡಿಯಿರಿ, ಅಂಚಿನಲ್ಲಿ!" ಸುನಂದೆಯ ಪ್ಲೇಟನ್ನು ಯಾರ ಕೈಗೂ ಕೊಡದೆ ಎದೆಗೆ ಒತ್ತಿಕೊಂಡು ತಾವೇ ಹತ್ತಿದರು. ಗ್ರಾಮಫೋನ್ ಹೊತ್ತದ್ದು ನಾನು. ತಿರುವಿನಲ್ಲಿ ಕಾಲು ಜಾರಿ, ಪೆಟ್ಟಿಗೆ ಗೋಡೆಗೆ ಢಣ್ ಎಂದು ಬಡಿಯಿತು. ಯಾರೂ ನೋಡಲಿಲ್ಲ. ನಾನೂ ಹೇಳಲಿಲ್ಲ.

ನೀರು ಮೂರನೆಯ ಮೆಟ್ಟಿಲಲ್ಲಿ ನಿಂತಿತು. ಒಂದು ರೆಕಾರ್ಡೂ ಒದ್ದೆಯಾಗಿರಲಿಲ್ಲ. ನಮ್ಮ ಖುಷಿ ಕೇಳಬೇಕೇ! ಮಾಳಿಗೆಯಲ್ಲಿ ಸ್ಟವ್ ಹಚ್ಚಿ ಚಹಾ ಮಾಡಿದೆವು. ಮಾಮ "ಇವತ್ತು ಮೊದಲಿಗೇ ಸುನಂದಾ," ಎಂದು ಕೀ ಕೊಟ್ಟು ಮುಳ್ಳು ಇಳಿಸಿದರು.

ಗ್ರಾಮಫೋನಿನ ಕಹಳೆಯಿಂದ ಹೊರಬಿದ್ದದ್ದು ಒಂದು ಪುಟ್ಟ ಹುಡುಗಿಯ ಸ್ವರ. ತೆಳ್ಳಗೆ, ಚುರುಕಾಗಿ, ಹಾರ್ಮೋನಿಯಂ ಹಿಂದಿನಿಂದ ಓಡಿಬರುವಂತೆ. ಅದೇ ಹಾಡು, ಆದರೆ ಅವಳಲ್ಲ.

ಕಟ್ಟಳೆಯ ಪ್ರಕಾರ ಹಾಡು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಮಾಮನ ಕೈಯ ಚಹಾ ತಣಿಯುತ್ತಿತ್ತು. ನಾನು ಪೆಟ್ಟಿಗೆ ಗೋಡೆಗೆ ಬಡಿದದ್ದನ್ನು ಒಪ್ಪಿಕೊಂಡೆ. ಅವರು ಬೈದಿದ್ದರೆ ಸುಲಭವಿತ್ತು.

"ಇರ್ಲಿ ದಿನೇಶಾ," ಎಂದರು, "ಬೇಕೂಂತ ಮಾಡಿದ್ದಾ ನೀನು?" ಆಮೇಲೆ ಕಿಟಕಿಯ ಕಡೆ ತಿರುಗಿ, "ಅವಳು ಹೋದಳು, ಅಷ್ಟೇ," ಎಂದರು.

ನೀರು ಇಳಿದ ಮಾರನೆಯ ದಿನವೇ ಗ್ರಾಮಫೋನನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಬೆಳ್ತಂಗಡಿಗೆ ಓಡಿದೆ. ಮಾಮ ಹಿಂದಿನ ಸೀಟಿನಲ್ಲಿ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದರು. ಅಲ್ಲಿ ಹಸನಾಕ ಎಂಬ ಹೊಲಿಗೆ ಮೆಷಿನಿನ ಮೆಕ್ಯಾನಿಕ್ ಇದ್ದಾರೆ. ಸ್ಪ್ರಿಂಗು, ಹಲ್ಲುಚಕ್ರ ಇರುವ ಯಾವುದನ್ನೂ ಬಿಡುವವರಲ್ಲ. ಪೆಟ್ಟಿಗೆ ಬಿಚ್ಚಿದರು, ಒರೆಸಿದರು, ಹೊಲಿಗೆ ಮೆಷಿನಿನ ಎಣ್ಣೆ ಬಿಟ್ಟರು. ಅದೇ ವಾಸನೆ! ಆಮೇಲೆ ತಟ್ಟೆಯ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಕೈಗಡಿಯಾರ ನೋಡುತ್ತ ಒಂದು ನಿಮಿಷ ಸುತ್ತು ಎಣಿಸಿದರು.

"ಎಪ್ಪತ್ತೆಂಟು," ಎಂದರು. "ಈ ಪ್ಲೇಟಿಗೆ ಎಷ್ಟು ಬೇಕೋ ಅಷ್ಟೇ ಉಂಟು. ಎಂತ ಹಾಳಾಗಿದೆ ಹೇಳುದು ನೀವು?"

"ಮೊದಲು ಹೀಗೆ ಇರ್ಲಿಲ್ಲ. ನಿಧಾನ ಇತ್ತು," ಎಂದರು ಮಾಮ.

ಹಸನಾಕ ತಟ್ಟೆಯ ಪಕ್ಕದ ಸಣ್ಣ ಕಡ್ಡಿಯೊಂದನ್ನು ತೋರಿಸಿದರು. ಅದು ವೇಗ ಹೆಚ್ಚುಕಡಿಮೆ ಮಾಡುವ ಕಡ್ಡಿ. ಅದು ಎಷ್ಟೋ ವರ್ಷ ಕೂತಿದ್ದ ಜಾಗದಲ್ಲಿ ತುಕ್ಕಿನ ಗುರುತು ಸ್ಪಷ್ಟವಾಗಿತ್ತು. ಗೋಡೆಗೆ ಬಡಿದ ಹೊಡೆತಕ್ಕೆ ಅದು ಅಲ್ಲಿಂದ ಜರುಗಿತ್ತು. ಕಡ್ಡಿಯನ್ನು ಹಳೇ ಗುರುತಿಗೆ ತಂದು ಮತ್ತೆ ಎಣಿಸಿದರು. ಅರುವತ್ತೆರಡು.

"ಇದನ್ನು ಇಲ್ಲಿಟ್ಟದ್ದು ಯಾರು?"

"ಅಪ್ಪ ಇರ್ಬೇಕು. ಯಂತ್ರಕ್ಕೆ ಕೈ ಹಾಕ್ಬೇಡ ಅಂತ ಹೇಳಿದ್ರು. ನಲವತ್ತು ವರ್ಷ ನಾನು ಹಾಕ್ಲಿಲ್ಲ."

"ಒಳ್ಳೇದಾಯ್ತು! ನಲವತ್ತು ವರ್ಷ ನೀವು ಕೇಳಿದ್ದು ತಪ್ಪು. ಗೋಡೆಗೆ ಬಡಿದದ್ದೇ ರಿಪೇರಿ."

ನಾನು ನಗಲಿಲ್ಲ. ಮಾಮನ ಮುಖ ನೋಡಿ ನಗುವುದಕ್ಕೆ ಧೈರ್ಯವಾಗಲಿಲ್ಲ. ಅವರು ಮನಸ್ಸಿನಲ್ಲಿಟ್ಟು ಸಾಕಿದ ಹೆಂಗಸು ಹುಟ್ಟಿಯೇ ಇರಲಿಲ್ಲ. ಅದು ಹತ್ತು ವರ್ಷದ ಮಗುವಿನ ಸ್ವರ, ನಿಧಾನಕ್ಕೆ ತಿರುಗಿ ಹೆಂಗಸಿನದಾದದ್ದು. ಮಾಮ ಸ್ವಲ್ಪ ಹೊತ್ತು ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದರು. ಒಮ್ಮೆಲೇ ಸ್ಟೂಲಿನಿಂದ ಎದ್ದು ನಿಂತರು.

"ದಿನೇಶಾ! ಅದು ಹುಡುಗಿ ಅಂತಾದ್ರೆ ಅವಳು ನನಗಿಂತ ಸಣ್ಣವಳು. ಅವಳು ಈಗ್ಲೂ ಇರ್ಬಹುದು ಮಾರಾಯ!"

ಆ ಮಾತಿಗೆ ನನಗೂ ರೆಕ್ಕೆ ಬಂತು. ಸರಿಯಾದ ವೇಗದಲ್ಲಿ ಪ್ಲೇಟು ತಿರುಗಿಸಿ ಮೊಬೈಲಿಗೆ ಹಾಡು ಹಿಡಿದುಕೊಂಡೆ. ಆಟಿ ಮುಗಿದು ಮದುವೆಗಳು ಶುರುವಾಗಿದ್ದವು. ಮೂರು ಊರಿನ ಮದುವೆ ಮಂಟಪಗಳಲ್ಲೂ ಫೋಟೋ ಕೆಲಸ ನನ್ನದೇ. ಇಷ್ಟು ವರ್ಷ ಮಾಮ ತೊಂಬತ್ತರ ಅಜ್ಜಿಯನ್ನು ಹುಡುಕುತ್ತಿದ್ದರು, ನಾನು ಅರುವತ್ತು ದಾಟಿದವರನ್ನು ಹುಡುಕಿದೆ. ಮದುವೆಗೆ ಬಂದ ಅಮ್ಮಂದಿರ ಪಕ್ಕ ಕೂತು, "ಅಮ್ಮಾ, ಇದನ್ನೊಮ್ಮೆ ಕೇಳಿ," ಎಂದು ಮೊಬೈಲ್ ಕಿವಿಗಿಡುವುದೇ ಕೆಲಸ. ಒಬ್ಬರು ನನ್ನನ್ನು ಸಾಲ ಕೊಡುವ ಕಂಪೆನಿಯವನೆಂದು ಓಡಿಸಿದರು. ಏಳನೆಯ ಮದುವೆ, ಬೆಳ್ತಂಗಡಿಯಲ್ಲಿ. ಎಲೆಯ ಮುಂದೆ ಕೂತ ಒಬ್ಬರು ಪಾಯಸದ ಕೈಯನ್ನು ಹಾಗೇ ಎತ್ತಿ ಹಿಡಿದರು.

"ಇದು ನಮ್ಮ ಸುನಂದ ಅಲ್ವಾ! ಶಾಲೆಯಲ್ಲಿ ದಿನಾ ಪ್ರಾರ್ಥನೆ ಹೇಳುದು ಇವಳೇ. ನನ್ನ ಪಕ್ಕದಲ್ಲಿ ಕೂರ್ತಿದ್ದದ್ದು."

"ಈಗ ಎಲ್ಲಿದ್ದಾರೆ ಅಮ್ಮಾ?"

"ಎಲ್ಲಿ ಅಂದ್ರೆ? ಮೂಡುಬಿದಿರೆಯಲ್ಲಿ. ಗಂಡ ತೀರಿಹೋದ ಮೇಲೆ ಹಿಟ್ಟಿನ ಮಿಲ್ಲು ಅವಳೇ ನಡೆಸುದು."

ಆ ಮದುವೆಯ ಆಲ್ಬಮಿನಲ್ಲಿ ಊಟದ ಫೋಟೋ ಕಡಿಮೆ ಇರುವುದಕ್ಕೆ ಕಾರಣ ಇದು. ಅವರು ಇದನ್ನು ಓದಿದರೆ ಕ್ಷಮಿಸಲಿ.

ಮಾರನೆಯ ದಿನ ಮಾಮ ಇಸ್ತ್ರಿ ಅಂಗಿ ಹಾಕಿ, ಟೀಚರನ್ನು ಜೊತೆಗೆ ಹೊರಡಿಸಿ, ನನ್ನ ಕಾರು ಹತ್ತಿದರು. ಮಿಲ್ಲಿನಲ್ಲಿ ಮೆಣಸು ಪುಡಿಯಾಗುತ್ತಿತ್ತು. ಮೂವರೂ ಸೀನಿದೆವು. ಒಳಗಿನಿಂದ, ಯಂತ್ರದ ಸದ್ದನ್ನೂ ಮೀರಿ ಒಂದು ಸ್ವರ ಬಂತು: "ಎಷ್ಟು ಕಿಲೋ ಉಂಟು?"

ಮಾಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಸುನಂದಕ್ಕ ಮಿಲ್ಲು ನಿಲ್ಲಿಸಿ ಹೊರಬಂದರು. ಕೂದಲ ಮೇಲೆ, ರೆಪ್ಪೆಯ ಮೇಲೆ ಹಿಟ್ಟು. ನಾನು ಮೊಬೈಲಿನಲ್ಲಿ ಹಾಡು ಹಾಕಿದೆ. ಎರಡು ಸಾಲಿಗೆ ಅವರು ಅಲ್ಲೇ ಗೋಣಿಯ ಮೇಲೆ ಕೂತರು.

"ಅಪ್ಪ ಮದ್ರಾಸಿಗೆ ಕರ್ಕೊಂಡು ಹೋದದ್ದು," ಎಂದರು. "ಮೈಕು ಎತ್ತರ ಇತ್ತು. ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸಿದ್ರು. ನಮಗೆ ಕೊಟ್ಟ ಪ್ಲೇಟು ರೈಲಿನಲ್ಲಿ ಬರುವಾಗ್ಲೇ ಒಡೆಯಿತು. ನಾನು ಇದನ್ನು ಕೇಳಿದವಳೇ ಅಲ್ಲ."

"ಆಮೇಲೆ ಯಾಕೆ ಹಾಡ್ಲಿಲ್ಲ?" ಎಂದು ಟೀಚರ್ ಕೇಳಿದರು.

"ಹದಿಮೂರಕ್ಕೆ ಸ್ವರ ದಪ್ಪ ಆಯ್ತು. ಹೋದಲ್ಲೆಲ್ಲ ಪ್ಲೇಟಿನ ಹಾಗೆ ಹಾಡು, ಪ್ಲೇಟಿನ ಹಾಗೆ ಹಾಡು. ಆಗ್ಲಿಲ್ಲ. ಸ್ವರ ಹೋಯ್ತು ಅಂತ ಎಲ್ಲ ಹೇಳಿದ್ರು. ನಾನೂ ಹಾಗೇ ಅಂದುಕೊಂಡೆ." ಸೆರಗಿನಿಂದ ಮುಖ ಒರೆಸಿಕೊಂಡರು. ಹಿಟ್ಟು ಇನ್ನಷ್ಟು ಮೆತ್ತಿತು. "ಈಗ ಮಿಲ್ಲು ಓಡುವಾಗ ಹಾಡ್ತೇನೆ. ಆಗ ಯಾರಿಗೂ ಕೇಳುದಿಲ್ಲ."

ಮಾಮ ಬಾಯಿ ತೆರೆದದ್ದು ಆಗ. "ಭಾನುವಾರ ಒಮ್ಮೆ ಬನ್ನಿ. ನಿಮ್ಮ ಪ್ಲೇಟು ಕೇಳ್ಲಿಕ್ಕೆ."

"ಕೇಳ್ಲಿಕ್ಕೆ ಬರ್ತೇನೆ. ಹಾಡ್ಲಿಕ್ಕೆ ಮಾತ್ರ ಹೇಳ್ಬಾರ್ದು."

"ಹೇಳುದಿಲ್ಲ," ಎಂದು ಮಾಮ ಮಾತು ಕೊಟ್ಟರು.

ನೆರೆಯ ದಿನ ಮೇಲೆ ಹತ್ತಿದ ರೆಕಾರ್ಡುಗಳು ಮಾಳಿಗೆಯಲ್ಲೇ ಉಳಿದಿದ್ದವು. ಆ ಭಾನುವಾರ ಅಲ್ಲಿ ಕೂರಲು ಜಾಗವಿರಲಿಲ್ಲ. ಹಸನಾಕ ಸಹ ಬೆಳ್ತಂಗಡಿಯಿಂದ ಬಸ್ಸು ಹತ್ತಿ ಬಂದಿದ್ದರು. ನನ್ನ ಫ್ಲ್ಯಾಶ್ ಗಲ್ಲಾಪೆಟ್ಟಿಗೆಯಲ್ಲಿತ್ತು. ಯಾರೂ ಹೇಳದೆ ನಾನೇ ಇಟ್ಟು ಬಂದಿದ್ದೆ. ಕಿಟಕಿಯ ಬೆಳಕು ಬೀಳುವ ಕಡೆ, ಯಾರಿಗೂ ಅಡ್ಡವಾಗದಂತೆ ಗೋಡೆಗೊರಗಿ ಕೂತೆ. ಈ ಒಂದು ಫೋಟೋ ಸರಿಯಾಗಿ ಬರಬೇಕು, ಆದರೆ ಅದಕ್ಕಾಗಿ ಏನೂ ಕೆಡಬಾರದು.

ಮಾಮ ಕೀ ಕೊಟ್ಟರು. ಮುಳ್ಳು ಹೊಸದು ಹಾಕಿದರು. ಆಮೇಲೆ ಕಡ್ಡಿಯ ಮೇಲೆ ಬೆರಳಿಟ್ಟು ನಿಂತರು. ದಿನಕ್ಕೆ ಒಂದೇ ಸಲ ಎಂಬ ಕಟ್ಟಳೆ ಅವರದ್ದೇ. ಹುಡುಗಿಯನ್ನು ಕೇಳಿಸುವುದೋ, ಹೆಂಗಸನ್ನೋ?

"ಸುನಂದಾ ಅವರೇ," ಎಂದರು. ನಲವತ್ತು ವರ್ಷದಲ್ಲಿ ಆ ಹೆಸರನ್ನು ಎದುರಿಗಿದ್ದವರಿಗೆ ಹೇಳಿದ್ದು ಅದೇ ಮೊದಲು. "ಸರಿಯಾದ್ದನ್ನು ನೀವು ಮೊಬೈಲಿನಲ್ಲಿ ಕೇಳಿ ಆಗಿದೆ. ನಾನು ನಲವತ್ತು ವರ್ಷ ತಪ್ಪಾಗಿ ಕೇಳಿದವ. ಹೇಗೆ ಕೇಳಿದ್ದು ಅಂತ ನಿಮಗೆ ತೋರಿಸ್ಲಾ?"

ಅವರು ತಲೆಯಾಡಿಸಿದರು. ಕಡ್ಡಿ ಹಳೇ ಗುರುತಿಗೆ ಹೋಯಿತು. ಮುಳ್ಳು ಇಳಿಯಿತು.

ಕಹಳೆಯಿಂದ ಆ ಹೆಂಗಸು ದೋಣಿಯವನನ್ನು ಕರೆದಳು. ದಪ್ಪ, ಮಬ್ಬು, ಅವಸರವಿಲ್ಲದ ಸ್ವರ. ಸುನಂದಕ್ಕ ಬೆಚ್ಚಿ ಸುತ್ತ ನೋಡಿದರು. "ಇದು ಯಾರು?" ಎಂದು ತುಟಿ ಕೇಳಿತು. ಟೀಚರ್ ಬೆರಳನ್ನು ಬಾಯಿಯ ಮೇಲಿಟ್ಟರು. ಮೊದಲ ಚರಣ ಮುಗಿಯಿತು. ಎರಡನೆಯದರ ಅರ್ಧದಲ್ಲಿ ನನಗೆ ಸ್ವರ ಎರಡಾದಂತೆ ಕೇಳಿಸಿತು. ಪ್ಲೇಟಿನಲ್ಲಿ ಏನೋ ಕೆಟ್ಟಿತೆಂದು ಗ್ರಾಮಫೋನಿನ ಕಡೆ ನೋಡಿದೆ.

ಪ್ಲೇಟು ಕೆಟ್ಟಿರಲಿಲ್ಲ. ಸುನಂದಕ್ಕ ಹಾಡುತ್ತಿದ್ದರು.

ಅದೇ ಶ್ರುತಿ, ಅದೇ ನಿಧಾನ, ಅದೇ ಮಬ್ಬು. ಯಾವುದು ಕಹಳೆಯದ್ದು, ಯಾವುದು ಅವರದ್ದು ಎಂದು ಗೊತ್ತಾಗುತ್ತಿರಲಿಲ್ಲ. ಹೋಯಿತು ಎಂದು ಊರೆಲ್ಲ ಹೇಳಿದ ಆ ಸ್ವರವನ್ನೇ ಒಬ್ಬ ಮನುಷ್ಯ ಇಲ್ಲಿ ಭಾನುವಾರ ಭಾನುವಾರ ಕೂತು ಪ್ರೀತಿಸಿದ್ದ! ಮಿಲ್ಲಿನ ಬಾಗಿಲಲ್ಲಿ ಮಾಮ ನನ್ನ ತೋಳು ಹಿಡಿದದ್ದು ಯಾಕೆಂದು ನನಗೆ ಆಗ ತಿಳಿಯಿತು. ಮಾಮನ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. ಸುನಂದಕ್ಕನ ಕಣ್ಣೂ ಮುಚ್ಚಿತ್ತು. ಕ್ಯಾಮೆರಾ ನನ್ನ ಕಣ್ಣಿಗೆ ತಾಗಿತ್ತು, ಬೆರಳು ಗುಂಡಿಯ ಮೇಲಿತ್ತು. ಇಂಥ ಬೆಳಕು, ಇಂಥ ಮುಖ ಮತ್ತೆ ಸಿಗಲಿಕ್ಕಿಲ್ಲ ಎಂದು ಗೊತ್ತಿತ್ತು. ಒತ್ತಲಿಲ್ಲ.

ಪ್ಲೇಟಿನ ಹಾಡು ಮುಗಿಯಿತು. ಸುನಂದಕ್ಕ ಕೊನೆಯ ಸಾಲನ್ನು ಇನ್ನೊಮ್ಮೆ, ಒಬ್ಬರೇ, ಹಾಡಿ ನಿಲ್ಲಿಸಿದರು. ಮುಳ್ಳು ಕೊನೆಯ ಗೆರೆಯಲ್ಲಿ ಚರ್ ಚರ್ ಎಂದು ಸುತ್ತುತ್ತಲೇ ಇತ್ತು, ಎತ್ತುವುದು ಯಾರಿಗೂ ನೆನಪಾಗಲಿಲ್ಲ. ಆ ಚರ್ ಚರ್ ಸದ್ದಿನೊಳಗೆ ನಾನು ಒಂದೇ ಒಂದು ಸಲ ಗುಂಡಿ ಒತ್ತಿದೆ. ಯಾರಿಗೂ ಕೇಳಿಸಲಿಲ್ಲ. ಆ ಫೋಟೋದಲ್ಲಿ ಎಲ್ಲರ ಕಣ್ಣೂ ಮುಚ್ಚಿವೆ. ನಾನು ತೆಗೆದ ಫೋಟೋಗಳಲ್ಲೆಲ್ಲ ನನಗೆ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಸುನಂದಕ್ಕ ಕಣ್ಣು ಬಿಟ್ಟರು.

"ಇನ್ನೊಮ್ಮೆ ಕೀ ಕೊಡಿ," ಎಂದರು. "ಈ ಸಲ ಮೊದಲಿಂದ ಹಾಡ್ತೇನೆ."

ನಾವೆಲ್ಲ ಮಾಮನನ್ನು ನೋಡಿದೆವು. ನಲವತ್ತು ವರ್ಷ ಒಂದು ಹಾಡನ್ನು ದಿನಕ್ಕೆ ಎರಡು ಸಲ ಹಾಕದ ಮನುಷ್ಯ, ಕನ್ನಡಕ ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಎದ್ದು, ಎರಡೂ ಕೈಯಿಂದ ಕೀ ತಿರುಗಿಸತೊಡಗಿದರು.